ತುಟಿಮಾತು

ಬಟ್ಟೆ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮಗ್ಗಗಳು ಗುಜರಿಗೆ ಹೋದವು, ಷೆಡ್ಡಿನ ತಗಡು ಕಳ್ಳರ ಪಾಲಾಯಿತು, ಚಿಮಣಿಯೊಂದು ಯಾರಿಗೂ ಬೇಡವಾಗಿ ನಿಂತಿತ್ತು. ಕಾರ್ಮಿಕರ ಸಾಲುಮನೆಗಳಲ್ಲಿ ಕೊನೆಗೆ ಉಳಿದವರು ಇಬ್ಬರೇ. ಬೀದಿಯ ಆಚೆ ಅಕ್ಕ, ಈಚೆ ತಂಗಿ.

ಇಬ್ಬರೂ ಮಗ್ಗದಲ್ಲಿ ದುಡಿದವರು. ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ದನಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಆಫೀಸಿನಿಂದ ಬಂದ ಸಾಹೇಬನ ಎದುರಿಗೇ ಅವನ ಜನ್ಮ ಜಾಲಾಡಿದರೂ, ಪಾಪ, ಆ ಮಂಕುದಿಣ್ಣೆಗೆ ಗೊತ್ತಾಗುತ್ತಿರಲಿಲ್ಲ! ಮಗ್ಗ ಇಬ್ಬರ ಕಿವಿಯನ್ನೂ ತಿಂದುಹಾಕಿತು, ತುಟಿಮಾತು ಉಳಿಯಿತು. ಬೆಳಗ್ಗೆ ಹೊಸ್ತಿಲಲ್ಲಿ ಕೂತರೆ ಬೀದಿಯ ಆಚೀಚೆಯಿಂದ ಹರಟೆಯೋ ಹರಟೆ. ತಂಗಿಗೆ ಮಾತಾಡಲು ಬೇರೆ ನರಪಿಳ್ಳೆಯೂ ಇರಲಿಲ್ಲ.

ಆಮೇಲೆ ಅಕ್ಕನ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಬಾಯಿ ಒಳಕ್ಕೆ ಸೇರಿಕೊಂಡಿತು. ಆಸ್ಪತ್ರೆಯಿಂದ ಬಂದವಳು ಏನೋ ಹೇಳಿದಳು, ತಂಗಿಗೆ ಒಂದಕ್ಷರ ತಿಳಿಯಲಿಲ್ಲ. “ಏನು?” ಅಂದಳು. ಅಕ್ಕ ಮತ್ತೆ ಹೇಳಿದಳು. ಇವಳು ಮತ್ತೆ “ಏನು?” ಅಂದಾಗ ಅಕ್ಕ ಕಣ್ಣು ತುಂಬಿಕೊಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಯ್ಯೋ, ಇನ್ನೊಮ್ಮೆ ಕೇಳಿ ಅವಳನ್ನು ಅಳಿಸುವುದು ತಂಗಿಗೆ ಬೇಡವಾಯಿತು. ಅಂದಿನಿಂದ ಅಕ್ಕ ಏನೇ ಹೇಳಲಿ, ಇವಳು ನಕ್ಕು ಹೂಂ ಎಂದು ತಲೆಯಾಡಿಸುವುದು. ಒಂದು ದಿನ ಅಕ್ಕ ಬೀದಿ ದಾಟಿ ಬಂದು, ಇವಳ ಕೈ ಹಿಡಿದು ಏನೋ ಕೇಳಿದಳು. ಇವಳು ಜೋರಾಗಿಯೇ ತಲೆಯಾಡಿಸಿದಳು. ಅಕ್ಕ ಕೈ ಬಿಟ್ಟು ಎದ್ದು ಹೋದಳು.

ಮುಂದಿನ ವಾರ ಅಕ್ಕನ ಮಗ ವ್ಯಾನು ತಂದ. ಮಂಚ, ಪಾತ್ರೆ, ಪೆಟ್ಟಿಗೆ ಏರಿದವು. ಕೊನೆಗೆ ಅಕ್ಕನೂ ಏರಿದಳು. ತಂಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಮಗ ಗಾಡಿ ಶುರುಮಾಡಿ ಕಿಟಕಿಯಿಂದ ತಲೆ ಹೊರಹಾಕಿದ. ಅವನ ಕಿವಿ ನೆಟ್ಟಗಿತ್ತು, ಆದರೂ ಆ ಬೀದಿಯಲ್ಲಿ ಬೆಳೆದವನಿಗೆ ತುಟಿಮಾತು ಬಾರದೇ?

“ಎಷ್ಟು ವರ್ಷದಿಂದ ಕರೀತಿದ್ದೆ ಚಿಕ್ಕಮ್ಮ, ಜಪ್ಪಯ್ಯ ಅಂದ್ರೂ ಬರ್ತಿರ್ಲಿಲ್ಲ. ಈ ಸಲ ನಿನ್ನ ಕೇಳಿ ನೋಡ್ತೀನಿ ಅಂದ್ಲು. ‘ಮಗನ ಮನೆಗೆ ಹೋಗ್ಲೇನೇ?’ ಅಂದ್ರೆ ನೀನು ಹೂಂ ಹೂಂ ಅಂದ್ಯಂತೆ. ಬಾಯ್ಮಾತಿಗೂ ಬೇಡ ಅನ್ಲಿಲ್ಲ ಅಂತ ಅತ್ಲು.”

ವ್ಯಾನು ಹೊರಟಿತು. ತಂಗಿ ಎದ್ದೂಬಿದ್ದೂ ಅಕ್ಕನ ಕಿಟಕಿಯ ಪಕ್ಕಕ್ಕೆ ಓಡಿದಳು. “ನಂಗೆ ತಿಳೀಲಿಲ್ಲ ಕಣಕ್ಕಾ, ಹೋಗ್ಬೇಡ, ಹೋಗ್ಬೇಡ” ಎಂದು ತುಟಿಯಾಡಿಸಿದಳು. ಅಕ್ಕ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದಳು.

ದನಿ ತೆಗೆದು ಕೂಗಿದ್ದರೆ ಮಗನಾದರೂ ನಿಲ್ಲಿಸುತ್ತಿದ್ದ. ಅದು ಹೊಳೆದದ್ದು ವ್ಯಾನು ಮೂಲೆ ತಿರುಗಿದ ಮೇಲೆ. ಆಗ ಕೂಗಿದಳು. ಖಾಲಿ ಮನೆಗಳ ಸಾಲಿನಲ್ಲಿ ಕೇಳುವವರು ಯಾರೂ ಇರಲಿಲ್ಲ. ಅವಳ ಕೂಗು ಅವಳಿಗೂ ಕೇಳಲಿಲ್ಲ.