ಹೊಲಿಗೆಗೆ ಬಿಡದ ಅಳತೆ

ಒಂದು ಬೆಳಿಗ್ಗೆ ಕತ್ತರಿ ಅಕ್ಕನಿಗೆ ತಲೆ ಬಾಚಿಕೊಳ್ಳಲು ಆಗಲಿಲ್ಲ. ಬಾಚಣಿಗೆ ಹಿಡಿದ ಬಲಗೈ ಕಿವಿಯವರೆಗೆ ಹೋಗಿ ನಿಂತುಬಿಟ್ಟಿತು, ಭುಜದೊಳಗೆ ಯಾರೋ ಚಿಲಕ ಹಾಕಿದ ಹಾಗೆ. ಮಲಗಿದ ಮಗ್ಗುಲು ಸರಿಯಿರಲಿಲ್ಲವೇನೋ, ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡರು. ನಮಗೆಲ್ಲ ಹಾಗೆಯೇ ಅನ್ನಿಸುವುದು. ಎರಡು ದಿನ ಹೋಗಿ ಎರಡು ತಿಂಗಳಾಯಿತು.

ಬೀದಿಯ ತಿರುವಿನಲ್ಲಿ ಅಕ್ಕನದೊಂದು ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬಟ್ಟೆ ಕತ್ತರಿಸುವವರು ಅಕ್ಕ, ಹೊಲಿಯುವವಳು ಅವರ ನಾದಿನಿ. ನಾದಿನಿ ಮಿಷನ್ ಮುಂದೆ ಕೂತರೆ ಸೂಜಿ ಕಣ್ಣಿಗೇ ಕಾಣುವುದಿಲ್ಲ, ಅಷ್ಟು ವೇಗ. ಆದರೆ ದೊಡ್ಡ ಕತ್ತರಿ ಕೈಗೆ ಕೊಟ್ಟರೆ ಬೆವರುತ್ತಾಳೆ. ತಪ್ಪು ಹೊಲಿಗೆಯನ್ನು ಬಿಚ್ಚಬಹುದು, ತಪ್ಪು ಕತ್ತರಿಸಿದರೆ ಏನು ಮಾಡುವುದು ಎಂಬುದು ಅವಳ ಭಯ. ಹಾಗಾಗಿ ಬಟ್ಟೆ ಕತ್ತರಿಸುವ ಆರಡಿ ಅಗಲದ ಮೇಜಿನ ಮುಂದೆ ನಿಲ್ಲುವವರು ಅಕ್ಕ ಒಬ್ಬರೇ. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೈ ಚಾಚಿ ಒಂದೇ ಉಸಿರಿಗೆ ಕತ್ತರಿಸಿಕೊಂಡು ಹೋಗುವವರು.

ಈಗ ಕೈ ಚಾಚಲು ಬರುತ್ತಿರಲಿಲ್ಲ. ಅಂಚೆಯವರ ಕೋಟಿನ ಜೇಬು ಒಂದಂಗುಲ ಕೆಳಗೆ ಬಂತು. ಅವರು ತೊಟ್ಟು ನೋಡಿ, ಇಲ್ಲಿದ್ದರೇ ಕೈ ಸಲೀಸಾಗಿ ಹೋಗುತ್ತದೆ, ಮೊದಲಿನದೇ ಸ್ವಲ್ಪ ಮೇಲಿತ್ತು ಎಂದು ಹೇಳಿ ತೆಗೆದುಕೊಂಡು ಹೋದರು. ಒಳ್ಳೆಯವರು. ಆದರೆ ಅಕ್ಕನಿಗೆ ಗೊತ್ತಿಲ್ಲವೇ.

ಆ ದಿನ ಊಟಕ್ಕೆ ಕೂತಾಗ ಅವರು ಗಂಡನಿಗೂ ನಾದಿನಿಗೂ ಒಂದೇ ಮಾತು ಹೇಳಿದರು. "ಇನ್ನೊಂದು ವರ್ಷ ನೋಡ್ತೀನಿ. ಕೈ ಸರಿಹೋಗಲಿಲ್ಲ ಅಂದ್ರೆ ಕತ್ತರಿಸೋಕೆ ಬೇರೆಯವರನ್ನ ಕರೆಸೋಣ. ನಾನು ಮೂಲೇಲಿ ಕೂತು ಗುಂಡಿ ಹಾಕ್ತೀನಿ."

ಗಂಡ ಅಕ್ಕನ ತಟ್ಟೆಯನ್ನು ಎಡಗೈಗೆ ಸಿಗುವ ಹಾಗೆ ಮೆಲ್ಲಗೆ ಸರಿಸಿದರು.

ಸಲಹೆಗೆ ಬರವಿರಲಿಲ್ಲ. ಒಬ್ಬರು ಎಣ್ಣೆ ಎಂದರು, ಒಬ್ಬರು ಶಾಖ ಎಂದರು, ಮತ್ತೊಬ್ಬರು ಕೈ ಅಲ್ಲಾಡಿಸಲೇ ಬೇಡಿ ಎಂದರು. ಅಕ್ಕ ಕೇಳಿದ್ದು ಈ ಕೊನೆಯವರ ಮಾತನ್ನು. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತರು. ಭುಜ ಇನ್ನಷ್ಟು ಬಿಗಿದುಕೊಂಡಿತು. ಕಡೆಗೆ ನಾದಿನಿಯೇ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಅವರನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು.

ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡಿ, ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವರು ಫಿಸಿಯೋಥೆರಪಿಸ್ಟ್. ಅಷ್ಟುದ್ದದ ಪದ ಬೀದಿಯಲ್ಲಿ ಯಾರ ಬಾಯಲ್ಲೂ ನಿಲ್ಲದೆ ಅವರು ಕಸರತ್ತು ಟೀಚರ್ ಆಗಿದ್ದರು.

ಟೀಚರ್ ಅಕ್ಕನ ಕೈಯನ್ನು ಒಂದು ಮಗುವನ್ನು ಹಿಡಿಯುವ ಹಾಗೆ ಕೆಳಗಿನಿಂದ ಹಿಡಿದು ಎತ್ತಿ ನೋಡಿದರು. ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇರುತ್ತದೆ, ಅದು ಮೊದಲ ಸಲ ಒಗೆದ ಹತ್ತಿ ಬಟ್ಟೆಯ ಹಾಗೆ ಬಿಗಿದುಕೊಂಡಿದೆ ಎಂದರು. ಬಂದದ್ದು ಬೇಗ, ಹೋಗುವುದು ನಿಧಾನ. ಒಂದು ವರ್ಷ ಹಿಡಿಯಬಹುದು, ಹೆಚ್ಚೂ ಹಿಡಿಯಬಹುದು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ವ್ಯಾಯಾಮ. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರುವಷ್ಟು ನೋಯಬಾರದು.

"ಇದರಲ್ಲಿ ಕಷ್ಟ ನೋವಲ್ಲ," ಎಂದರು ಟೀಚರ್. "ಮೂರನೇ ತಿಂಗಳು. ಏನೂ ಬದಲಾಗಿಲ್ಲ ಅನ್ಸುತ್ತೆ, ಬಿಟ್ಬಿಡ್ತಾರೆ. ಅದಕ್ಕೇ ಬರೆದಿಡಿ."

ಬರೆಯಬೇಕಾದ್ದು ಮೂರೇ. ದಿನಾ ಎಷ್ಟು ಸಲ ವ್ಯಾಯಾಮ ಮಾಡಿದಿರಿ. ನೋವಿನಿಂದ ನಿದ್ದೆ ಎಷ್ಟು ಸಲ ಮುರಿಯಿತು. ಮತ್ತೆ ಪ್ರತಿ ಸೋಮವಾರ ಬೆಳಿಗ್ಗೆ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡ ಹತ್ತುವ ಹಾಗೆ ಮೇಲೆ ನಡೆಸಿ, ನಿಂತಲ್ಲಿ ಒಂದು ಗುರುತು ಹಾಕಿ, ನೆಲದಿಂದ ಎಷ್ಟು ಅಂಗುಲ ಎಂದು ಅಳೆಯುವುದು. ಆ ದಿನ ಬಲಗೈ ಹತ್ತಿದ್ದು ಐವತ್ತೆರಡು ಅಂಗುಲ. ಚೆನ್ನಾಗಿರುವ ಎಡಗೈ ಎಪ್ಪತ್ತೇಳು.

ದಾರಿಯುದ್ದಕ್ಕೂ ಅಕ್ಕ ಗೊಣಗಿದರು. ಊರಿನವರ ಎದೆ ಸೊಂಟ ಬರೆದು ಬರೆದು ಸಾಕಾಗಿದೆ, ಇನ್ನು ನನ್ನ ಕೈಗೂ ಅಳತೆ ಪುಸ್ತಕವೇ ಎಂದರು.

"ಈ ಸಲ ಗಿರಾಕಿ ನೀನೇ ಅತ್ತಿಗೆ," ಎಂದಳು ನಾದಿನಿ. "ಟ್ರಯಲ್‌ಗೆ ಸೋಮವಾರ ಬಾ. ತಡ ಮಾಡಿದ್ರೆ ನಾವು ಜವಾಬ್ದಾರರಲ್ಲ."

ಗಂಡನಿಗೂ ನಂಬಿಕೆ ಇರಲಿಲ್ಲ. ಅವರು ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಬೆಳಗಿನಿಂದ ಸಂಜೆಯವರೆಗೆ ಕೈ ಮೇಲೆತ್ತಿ ದುಡಿಯುತ್ತೇನೆ, ಇದುವರೆಗೆ ಯಾರಾದರೂ ಬರೆದಿಟ್ಟರೇ ಎಂದು ಕೇಳಿದರು. ಮಾಡುವ ಮನಸ್ಸಿದ್ದರೆ ಮಾಡಬೇಕು, ಬರೆದರೆ ಕೈ ಏಳುತ್ತದೆಯೇ ಎಂಬುದು ಅವರ ವಾದ.

ಆದರೂ ಅಕ್ಕ ಬರೆದರು. ಅಂಗಡಿಯ ಅಳತೆ ಪುಸ್ತಕದಂಥದೇ ಇನ್ನೊಂದು, ನೀಲಿ ರಟ್ಟಿನದು. ಅಂಕಿಗಳು ಮುತ್ತು ಪೋಣಿಸಿದ ಹಾಗೆ. ಐವತ್ತಮೂರು, ಐವತ್ತನಾಲ್ಕು, ಐವತ್ತೈದು. ಹನ್ನೆರಡನೆಯ ವಾರಕ್ಕೆ ಐವತ್ತೆಂಟು. ಪುಸ್ತಕ ನೋಡಿದವರೆಲ್ಲ ಭೇಷ್ ಎಂದರು.

ಮೂರನೆಯ ತಿಂಗಳು ಟೀಚರ್ ಪುಸ್ತಕ ನೋಡಿ ಬಹಳ ಸಂತೋಷಪಟ್ಟರು. ಇಷ್ಟು ಮುಂದೆ ಬಂದಿದ್ದೀರಲ್ಲ, ಇವತ್ತಿನಿಂದ ಸ್ವಲ್ಪ ಗಟ್ಟಿ ವ್ಯಾಯಾಮ ಕೊಡುತ್ತೇನೆ ಎಂದರು. ಕೊಡುವ ಮೊದಲು ಒಮ್ಮೆ ಗೋಡೆಗೆ ನಿಲ್ಲಿಸಿದರು. ಬೆರಳು ಐವತ್ತನಾಲ್ಕಕ್ಕೆ ನಿಂತಿತು. ಇನ್ನೊಮ್ಮೆ ಹತ್ತಿಸಿದರು. ಐವತ್ತನಾಲ್ಕು.

ಅಕ್ಕ ನೆಲ ನೋಡಿದರು. ನಾದಿನಿ ಪುಸ್ತಕ ಎತ್ತಿಕೊಂಡು ಹಾಳೆ ತಿರುವಿದಳು, ಅತ್ತಿಗೆಯ ಮುಖ ನೋಡಿದಳು, ತಡೆಯಲಾರದೆ ನಕ್ಕುಬಿಟ್ಟಳು.

"ಅತ್ತಿಗೆ, ನೀನು ಹೊಲಿಗೆಗೆ ಬಿಟ್ಟಿದ್ದೀಯ."

ಆಗಿದ್ದು ಅದೇ. ಗಂಡ ಹೊಸದಾಗಿ ಸುಣ್ಣ ಬಳಿದ ಅಂಗಡಿ ಗೋಡೆಯ ಮೇಲೆ ಗುರುತು ಹಾಕಲು ಅಕ್ಕನಿಗೆ ಮನಸ್ಸು ಬಂದಿರಲಿಲ್ಲ. ಟೇಪನ್ನು ಗೋಡೆಗೆ ಹಿಡಿದು, ಕಣ್ಣಂದಾಜಿನಲ್ಲಿ ನೋಡಿ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಯಾವ ಅಳತೆ ಬರೆದರೂ ಅಂಚಿನ ಹೊಲಿಗೆಗೆಂದು ಒಂದಂಗುಲ ಸೇರಿಸಿಯೇ ಬರೆಯುವುದು ಅದಕ್ಕೆ ಅಭ್ಯಾಸ. ಆದರೆ ಇಲ್ಲಿ ಒಂದಂಗುಲ ನಾಲ್ಕಂಗುಲ ಹೇಗಾಯಿತು?

ಅಕ್ಕ ಬಹಳ ಮೆಲ್ಲಗೆ ಹೇಳಿದರು. "ಮಕ್ಕಳ ಬಟ್ಟೆಗೆ ಜಾಸ್ತಿ ಬಿಡ್ತೀವಲ್ಲ. ಬೆಳೆಯುತ್ತೆ ಅಂತ. ಇದೂ ಬೆಳೆಯುತ್ತೆ ಅಂದ್ಕೊಂಡೆ."

ವ್ಯಾಯಾಮದ ಲೆಕ್ಕವೂ ಹಾಗೆಯೇ ಇತ್ತು. ಒಂದು ಸಲ ಮಾಡಿದ ದಿನವೂ, ಸಂಜೆ ಹೇಗೂ ಮಾಡುತ್ತೇನಲ್ಲ ಎಂದು ಬೆಳಿಗ್ಗೆಯೇ ಮೂರು ಎಂದು ಬರೆದಿದ್ದರು. ಸಂಜೆ ಗಿರಾಕಿಗಳು ಬಂದಿರುತ್ತಿದ್ದರು.

ಟೀಚರ್ ಬೈಯಲಿಲ್ಲ. ಅಕ್ಕನಿಗೆ ಕುರ್ಚಿ ಎಳೆದುಕೊಟ್ಟು, ತಾವು ಸ್ಟೂಲಿನ ಮೇಲೆ ಕೂತರು. "ಬಟ್ಟೆಗೆ ಬಿಡಿ, ಪುಸ್ತಕಕ್ಕೆ ಬಿಡಬೇಡಿ. ನಾನು ಐವತ್ತೆಂಟು ಅಂತ ನಂಬಿ ಗಟ್ಟಿ ವ್ಯಾಯಾಮ ಕೊಟ್ಟಿದ್ರೆ ನಿಮ್ಮ ಭುಜ ಇವತ್ತು ರಾತ್ರಿನೇ ಊದ್ಕೋತಿತ್ತು. ಮಾಡದ ದಿನ ಸೊನ್ನೆ ಅಂತ ಬರೀರಿ. ಸೊನ್ನೆ ಬೈಗುಳ ಅಲ್ಲ ಅಕ್ಕ, ಅದೂ ಒಂದು ಅಂಕಿನೇ."

ಅಂಗಡಿಗೆ ಬಂದವಳೇ ನಾದಿನಿ ಸೀಮೆಸುಣ್ಣ ತೆಗೆದು, ಹೊಸ ಸುಣ್ಣದ ಗೋಡೆಯ ಮೇಲೆ, ನಿಜವಾದ ಐವತ್ತನಾಲ್ಕರಲ್ಲಿ ಉದ್ದ ಗೆರೆ ಎಳೆದಳು. ಅಣ್ಣ ಏನೆನ್ನುತ್ತಾನೋ ಎಂಬ ಭಯ ಇತ್ತು. ಪೇಂಟರ್ ಬಂದು ಗೋಡೆ ನೋಡಿದರು, ಹೆಂಡತಿಯ ಮುಖ ನೋಡಿದರು. ಸೀಮೆಸುಣ್ಣ ಅಳಿಸಿಹೋಗುತ್ತದೆ ಎಂದು ತಮ್ಮ ಡಬ್ಬಿಯಿಂದ ಹಸಿರು ಬಣ್ಣ ತೆಗೆದು, ಸಣ್ಣ ಕುಂಚದಲ್ಲಿ ಆ ಗೆರೆಯ ಮೇಲೆ ತಿದ್ದಿದರು. ಪಕ್ಕದಲ್ಲಿ ತಾರೀಕನ್ನೂ ಬರೆದರು.

ಅಲ್ಲಿಂದ ಮುಂದೆ ಪುಸ್ತಕ ಅಷ್ಟು ಚೆಂದ ಕಾಣಲಿಲ್ಲ. ಎರಡು, ಮೂರು, ಸೊನ್ನೆ, ಒಂದು, ಮೂರು. ಜ್ವರ ಬಂದ ವಾರ ಸಾಲಾಗಿ ಐದು ಸೊನ್ನೆ. ಆದರೆ ಬರೆಯುವಾಗ ಸೊನ್ನೆ ಕಣ್ಣಿಗೆ ಚುಚ್ಚುವುದರಿಂದ, ಆರನೆಯ ದಿನ ಅಕ್ಕ ತಾವಾಗಿಯೇ ಗೋಡೆ ಮುಂದೆ ಹೋಗಿ ನಿಂತರು. ಬೆಳಗಿನ ವ್ಯಾಯಾಮ ತಪ್ಪಿದ ದಿನವೇ ಲೆಕ್ಕ ಕಡಿಮೆಯಾಗುತ್ತಿದೆ ಎಂದು ಪುಸ್ತಕ ನೋಡಿದಾಗ ಗೊತ್ತಾಗಿ, ಅದನ್ನು ಅಂಗಡಿ ತೆರೆದ ಮೇಲಿನ ಮೊದಲ ಕೆಲಸ ಮಾಡಿಕೊಂಡರು. ಕಾದಿರುವ ಗಿರಾಕಿಗಳೂ ಪಾಪ, ಹತ್ತು ನಿಮಿಷ ಬೀದಿ ನೋಡುತ್ತ ಕೂರಲು ಕಲಿತರು.

ಐದನೆಯ ತಿಂಗಳಲ್ಲಿ ಹಸಿರು ಗೆರೆ ಐವತ್ತಾರಕ್ಕೆ ಬಂದು ಅಲ್ಲೇ ನಿಂತಿತು. ಒಂದು ಸೋಮವಾರ, ಎರಡು ಸೋಮವಾರ. ಏಳು ಸೋಮವಾರ ಅಲ್ಲೇ. ಗೆರೆಯ ಮೇಲೆ ಗೆರೆ ತಿದ್ದಿ ತಿದ್ದಿ ಅದು ಬೆರಳಿನಷ್ಟು ದಪ್ಪವಾಯಿತು. ಅಕ್ಕ ಯಾರಿಗೂ ಹೇಳದೆ ಪೇಟೆಯ ದೊಡ್ಡ ಅಂಗಡಿಯ ಕಟಿಂಗ್ ಮೇಸ್ತ್ರಿಗೆ ಹೇಳಿ ಕಳಿಸಿದರು. ಒಂದನೇ ತಾರೀಕಿನಿಂದ ಬರುತ್ತೇನೆ ಎಂದು ಅವನೂ ಒಪ್ಪಿದ. ಆಮೇಲೆ ನಾದಿನಿಗೆ ಹೇಳಿದರು. "ಪ್ರಾಮಾಣಿಕವಾಗಿ ಬರೆದೆ. ಪ್ರಾಮಾಣಿಕವಾಗೇ ಏನೂ ಆಗಿಲ್ಲ."

ನಾದಿನಿ ಜಗಳಕ್ಕೆ ಹೋಗಲಿಲ್ಲ. ಮಿಷನ್ ನಿಲ್ಲಿಸಿ, ನೀಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಾಳೆಗಳಿಂದ ಓದತೊಡಗಿದಳು. ಎಷ್ಟು ಅಂಗುಲ ಎಂಬುದನ್ನಲ್ಲ, ನಿದ್ದೆ ಮುರಿದ ಸಾಲನ್ನು. ಎರಡನೆಯ ತಿಂಗಳು: ನಾಲ್ಕು ಸಲ, ನಾಲ್ಕು ಸಲ, ಐದು ಸಲ. ನಾಲ್ಕನೆಯ ತಿಂಗಳು: ಮೂರು, ಎರಡು, ಎರಡು. ಹೋದ ತಿಂಗಳು: ಒಂದು, ಸೊನ್ನೆ, ಒಂದು. ಈ ತಿಂಗಳು: ಸೊನ್ನೆ, ಸೊನ್ನೆ, ಸೊನ್ನೆ.

"ಹನ್ನೊಂದು ದಿನದಿಂದ ನೋವಿಗೆ ನೀನು ಎದ್ದೇ ಇಲ್ಲ ಅತ್ತಿಗೆ. ಗೊತ್ತಿತ್ತಾ ನಿಂಗೆ?"

ಅಕ್ಕನಿಗೆ ಗೊತ್ತಿರಲಿಲ್ಲ. ಇದೊಂದು ವಿಚಿತ್ರ. ನೋವು ಬಂದದ್ದು ನಮಗೆ ಗೊತ್ತಾಗುತ್ತದೆ. ಹೋದದ್ದು ಗೊತ್ತಾಗುವುದಿಲ್ಲ, ಅದು ಹೇಳಿ ಹೋಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬರೆದದ್ದು ತಮ್ಮ ಕೈಯೇ, ಆದರೂ ಅಕ್ಕ ಆ ಸೊನ್ನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಇಬ್ಬರೂ ಪುಸ್ತಕ ಹಿಡಿದುಕೊಂಡು ಟೀಚರ್ ಹತ್ತಿರ ಹೋದರು. ನೋವು ಮೊದಲು ಹೋಗುವುದು, ಬಿಗಿತ ಆಮೇಲೆ ಸಡಿಲುವುದು ಎಂದರು ಟೀಚರ್. ಈಗ ಗಟ್ಟಿ ವ್ಯಾಯಾಮಕ್ಕೆ ನಿಜವಾಗಿಯೂ ಹೊತ್ತು ಬಂದಿದೆ ಎಂದು ಎರಡು ಹೊಸದನ್ನು ಕಲಿಸಿದರು.

ಕಟಿಂಗ್ ಮೇಸ್ತ್ರಿಗೆ ಸದ್ಯಕ್ಕೆ ಬರಬೇಡಿ ಎಂದು ಹೇಳಿ ಕಳಿಸಿದವರು ಪೇಂಟರ್. ಅಷ್ಟೇ ಅಲ್ಲ, ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ತಮ್ಮ ಲೆಕ್ಕವನ್ನೂ ಶುರುಮಾಡಿದರು. ಏಣಿ ಹತ್ತುವಾಗ ಈಚೆಗೆ ಏದುಸಿರು ಬರುತ್ತಿತ್ತು. ಡಾಕ್ಟರನ್ನು ಕೇಳಿದಾಗ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದಿದ್ದರು. ಮೊದಲ ವಾರದ ಬರಹ ಹೀಗಿತ್ತು: "ನಡಿಗೆ ಸೊನ್ನೆ, ಮಳೆ. ನಡಿಗೆ ಸೊನ್ನೆ, ಮಳೆ. ನಡಿಗೆ ಸೊನ್ನೆ, ಮಳೆ ಇಲ್ಲ, ಸೋಮಾರಿತನ." ಅಕ್ಕ ಅದನ್ನು ಓದಿ ನಕ್ಕದ್ದಕ್ಕೆ, ನಾಲ್ಕನೆಯ ದಿನ ಅವರು ಚಪ್ಪಲಿ ಮೆಟ್ಟಿ ಹೊರಟರು.

ಎಂಟನೆಯ ತಿಂಗಳು ಗೆರೆ ಐವತ್ತೆಂಟು ದಾಟಿತು, ಈ ಸಲ ಗೋಡೆಯ ಮೇಲೆಯೇ. ಒಂಬತ್ತಕ್ಕೆ ಅರವತ್ತೆರಡು. ಹತ್ತಕ್ಕೆ ಅರವತ್ತಾರು. ಹಸಿರು ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ಮೇಲೇರಿದವು. ಗಿರಾಕಿಗಳು ತಮ್ಮ ಬಟ್ಟೆ ಕೇಳುವ ಮೊದಲು ಗೋಡೆ ನೋಡುತ್ತಿದ್ದರು. ವರ್ಷ ತುಂಬಿದ ಸೋಮವಾರ ಟೀಚರ್ ತಾವೇ ಅಂಗಡಿಗೆ ಬಂದು ಅಳೆದರು. ಎಪ್ಪತ್ತನಾಲ್ಕು. ಎಡಗೈಗಿಂತ ಮೂರಂಗುಲ ಕಡಿಮೆ. ಆ ಮೂರನ್ನು ಅಕ್ಕ ಸೇರಿಸಿ ಬರೆಯಲಿಲ್ಲ.

ಅದೇ ವಾರ ಅಂಗಡಿಗೆ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ಒಬ್ಬರು ಬಂದರು. ಶಾಲೆಗೆ ಹೊಸದಾಗಿ ಬಂದ ಬಾಸ್ಕೆಟ್‌ಬಾಲ್ ಕೋಚ್. ಆರೂವರೆ ಅಡಿ ಆಳು, ಅವರಿಗೊಂದು ಉದ್ದ ಕೋಟು ಬೇಕಿತ್ತು. ನಾದಿನಿ ಅಳತೆ ತೆಗೆಯಲು ಎದ್ದು ಸ್ಟೂಲು ಎಳೆದಳು. ಅಕ್ಕ ಅವಳನ್ನು ಮಿಷನ್‌ಗೆ ವಾಪಸು ಕಳಿಸಿದರು. ಟೇಪು ಹಿಡಿದ ಎರಡೂ ಕೈ ಮೇಲೆತ್ತಿ ಆ ಭುಜದಿಂದ ಈ ಭುಜಕ್ಕೆ ಅಳೆದರು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದರು. ಕತ್ತರಿ ಆ ತುದಿಯಲ್ಲಿ ಹಿಡಿದು ಈ ತುದಿಯವರೆಗೆ, ನಡುವೆ ಎಲ್ಲೂ ನಿಲ್ಲದೆ ಕತ್ತರಿಸಿದರು. ಮಿಷನ್ ಸದ್ದು ನಿಂತಿತ್ತು. ನಾದಿನಿ ನೋಡುತ್ತ ಕೂತಿದ್ದಳು.

"ಏನು ನೋಡ್ತೀಯ, ತೋಳು ಹೊಲಿ," ಎಂದು ಅಕ್ಕ ಬೆನ್ನಿನ ಭಾಗ ಕತ್ತರಿಸಲು ತೊಡಗಿದರು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ನಿಮ್ಮದು ಭುಜವಿರಲಿಕ್ಕಿಲ್ಲ. ಮೊಣಕಾಲಿರಬಹುದು, ಸೊಂಟವಿರಬಹುದು, ಬರೀ ನಡಿಗೆಯಿರಬಹುದು. ನೋವಿದ್ದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅವರು ಹೇಳಿದಷ್ಟೇ ಮಾಡಿ. ಮಾಡಿದ್ದನ್ನು ಅವತ್ತೇ ಬರೆಯಿರಿ. ಸಂಜೆ ಮಾಡಲಿರುವುದನ್ನು ಬೆಳಿಗ್ಗೆ ಬರೆಯಬೇಡಿ. ನಿದ್ದೆ ಹೇಗಿತ್ತು, ಮೆಟ್ಟಿಲು ಹತ್ತಿದಾಗ ಉಸಿರು ಹೇಗಿತ್ತು, ಅದನ್ನೂ ಒಂದು ಸಾಲು ಸೇರಿಸಿ. ತಿಂಗಳಿಗೊಮ್ಮೆ ಮನೆಯವರೊಬ್ಬರ ಕೈಗೆ ಪುಸ್ತಕ ಕೊಟ್ಟು ಮೊದಲಿನಿಂದ ಓದಿಸಿ, ನೀವು ಸುಮ್ಮನೆ ಕೇಳಿ. ದಿನ ದಿನಕ್ಕೆ ಕಾಣದ್ದು ಆಗ ಕೇಳಿಸುತ್ತದೆ. ಒಂದು ವರ್ಷ ಬಹಳ ಉದ್ದ ಅನ್ನಿಸಿದರೆ, ಯೋಚಿಸಿ ನೋಡಿ, ಅದು ನೀವು ಬರೆದರೂ ಕಳೆಯುತ್ತದೆ, ಬರೆಯದಿದ್ದರೂ ಕಳೆಯುತ್ತದೆ.

ಮನೆಯಲ್ಲಿ ಒಂದು ಪೆನ್ನು ಎಲ್ಲೋ ಇರುತ್ತದೆ. ಎದ್ದು ಹುಡುಕಿ. ಇವತ್ತಿನ ತಾರೀಕು ಹಾಕಿ. ಇವತ್ತು ಸೊನ್ನೆಯಾದರೆ ಸೊನ್ನೆಯಿಂದಲೇ ಶುರುಮಾಡಿ.