ಕೀ ಇಲ್ಲದೆ ಓಡಿ ಬಂದ ಕಾರು

ಕೊಟ್ರೇಶನದು ಒಂದು ಪದ್ಧತಿ. ಗಾಡಿ ಯಾರದೇ ಆಗಲಿ, ಎಲ್ಲೇ ನಿಲ್ಲಿಸಲಿ, ಲಾಕ್ ಮಾಡಿ ಕೀಯನ್ನು ಮಾಲೀಕರ ಕೈಗೇ ಕೊಡುವುದು. ಮೇಜಿನ ಮೇಲೆ ಇಟ್ಟು ಹೋಗುವುದಿಲ್ಲ, ಮಕ್ಕಳ ಕೈಗೆ ಕೊಡುವುದಿಲ್ಲ. ಬಸವೇಶ್ವರನಗರದ ಒಂದೇ ಬೀದಿಯಲ್ಲಿ ಐದು ಮನೆಗಳಿಗೆ ಅವನು ಆಕ್ಟಿಂಗ್ ಡ್ರೈವರ್. ಕರೆದ ದಿನ ಬ್ಯಾಡರಹಳ್ಳಿಯಿಂದ ಬೈಕಿನಲ್ಲಿ ಬಂದು, ಅವರ ಗಾಡಿ ಓಡಿಸಿ, ಮತ್ತೆ ಬೈಕ್ ಹತ್ತಿ ಹೋಗುವ ಕೆಲಸ. ಇಂಥವನಿಗೆ ಕಂಪನಿಯ ಬೆಂಬಲವಿಲ್ಲ, ಯೂನಿಫಾರ್ಮಿನ ಗತ್ತೂ ಇಲ್ಲ. ಇರುವುದೊಂದು ಹೆಸರು. ಒಂದು ಮನೆಯವರು ಒಳ್ಳೆಯವನು ಅಂದರೆ ಪಕ್ಕದ ಮನೆಯವರು ಕರೆಯುತ್ತಾರೆ. ಒಬ್ಬರು ಮೂಗು ಮುರಿದರೆ ಐದು ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ.

ಆ ಭಾನುವಾರ ಅವನು ಓಡಿಸಿದ್ದು ಶ್ಯಾಮಸುಂದರ ಅವರ ಹೊಸ ಕಾರನ್ನು. ಶ್ಯಾಮಸುಂದರರು ಶಿಕ್ಷಣ ಇಲಾಖೆಯಿಂದ ನಿವೃತ್ತರಾದ ಸೂಪರಿಂಟೆಂಡೆಂಟ್. ಇಲಾಖಾ ವಿಚಾರಣೆಗಳ ಕಡತ ತಿರುವಿ ತಿರುವಿ, ಮನೆಯಲ್ಲಿ ಹಾಲು ಉಕ್ಕಿದರೂ ಹೊಣೆ ಯಾರದು ಎಂದು ವಿಚಾರಿಸುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ಹೊಸ ಕಾರು ಕೀ ತಿರುಗಿಸುವ ಜಾತಿಯದಲ್ಲ. ಕೀ ಜೇಬಿನಲ್ಲಿದ್ದರೆ ಸಾಕು. ಬಾಗಿಲಿನ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ, ಬ್ರೇಕ್ ತುಳಿದು ಬಟನ್ ಒತ್ತಿದರೆ ಹೊರಡುತ್ತದೆ. ಶೋರೂಮಿನವರು ಹೇಳಿಕೊಟ್ಟದ್ದನ್ನು ಶ್ಯಾಮಸುಂದರರು ತಲೆಯಾಡಿಸಿ ಕೇಳಿ ಅಲ್ಲೇ ಮರೆತು ಬಂದರು. ಎರಡನೆಯ ಕೀಯನ್ನು ಮಾತ್ರ ಮರೆಯದೆ ಬ್ಯಾಂಕಿನ ಲಾಕರಿಗೆ ಹಾಕಿದರು.

ಕೊಟ್ರೇಶ ಹಾಗಲ್ಲ. ಅವನು ಕೇಳಿ ಕೇಳಿ ತಿಳಿದುಕೊಂಡಿದ್ದ. ಬಾಗಿಲಿನ ಗುಂಡಿ ಒತ್ತಿದಾಗ ಗಾಡಿ 'ಯಾರದು?' ಎಂದು ಮೆಲ್ಲಗೆ ಕೇಳುತ್ತದೆ. ಕೀ ಪಕ್ಕದಲ್ಲಿದ್ದರೆ 'ನಾನೇ' ಅನ್ನುತ್ತದೆ. ಆ ಪಿಸುಮಾತು ಕೂಗಳತೆಗೆ ಮುಟ್ಟುವುದಿಲ್ಲ, ಒಂದು ಮಾರು ದೂರಕ್ಕೆ ಮುಗಿಯಿತು. ಒಳಗೆ ಕೂತು ಬಟನ್ ಒತ್ತಿದಾಗ ಇನ್ನೊಮ್ಮೆ ಕೇಳುತ್ತದೆ. ಈಗ ಉತ್ತರ ಗಾಡಿಯ ಒಳಗಿನಿಂದಲೇ ಬರಬೇಕು. ಒಮ್ಮೆ ಎಂಜಿನ್ ಹೊರಟಿತೋ, ಆಮೇಲೆ ಕೀ ಇಳಿದು ಹೋದರೂ ಅದು ನಿಲ್ಲುವುದಿಲ್ಲ. ಕೂಗಿ ಎಚ್ಚರಿಸುತ್ತದೆ, ಅಷ್ಟೆ. ನಿಂತಿರುವಾಗ ಕೀ ಹತ್ತಿರ ಸುಳಿದರೆ ಸಾಕು, ಗುಂಡಿ ಒತ್ತದಿದ್ದರೂ ದೀಪ ಮಿನುಗಿಸಿ ಗುರುತು ಹಿಡಿಯುತ್ತದೆ. ಉತ್ತರ ಯಾರ ಜೇಬಿನಿಂದ ಬಂತು ಎಂಬುದೂ ಗಾಡಿಗೆ ಬೇಕಿಲ್ಲ.

ಶ್ಯಾಮಸುಂದರರಿಗೆ ಮಂಡಿನೋವು. ಹೀಗಾಗಿ ಕೆಂಗೇರಿಯ ತವರುಮನೆಯಲ್ಲಿ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಹೋದದ್ದು ಹೆಂಡತಿ ಪುಟ್ಟಲಕ್ಷ್ಮಿ ಒಬ್ಬರೇ. ಅಲ್ಲಿ ಗಾಡಿ ನಿಲ್ಲಿಸಿದ ಕೊಟ್ರೇಶ ಪದ್ಧತಿಯಂತೆ ಕೀ ತಂದು ಅಮ್ಮನ ಕೈಗೆ ಕೊಟ್ಟ. ಊಟ ಮಾಡಿ ಬೇವಿನ ಮರದ ಕೆಳಗೆ ಕೂತ. ಮೂರು ಗಂಟೆಗೆ ಪುಟ್ಟಲಕ್ಷ್ಮಿ, ತುಂಬಿಸಿಕೊಂಡ ಮಡಿಲನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಬಂದರು. ತವರಿನ ಮಡಿಲಕ್ಕಿ. ಅತ್ತಿಗೆ ಗಂಗಲಕ್ಷ್ಮಮ್ಮ ಬೊಗಸೆ ಬೊಗಸೆಯಾಗಿ ಹಾಕಿದ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆ ಅಡಿಕೆ, ರವಿಕೆ ಕಣ, ಎಲ್ಲವೂ ಸೆರಗಿನ ಗಂಟಿನಲ್ಲಿ. ಅದನ್ನು ಮನೆಯ ದೇವರ ಮುಂದೆ ಇಡುವ ತನಕ ಬಿಚ್ಚುವಂತಿಲ್ಲ. ಕೊಟ್ರೇಶ ಗುಂಡಿ ಒತ್ತಿದ, ಬಾಗಿಲು ತೆರೆಯಿತು. ಬಟನ್ ಒತ್ತಿದ, ಗಾಡಿ ಹೊರಟಿತು. ಕೀ ಅಮ್ಮನ ಬ್ಯಾಗಿನಲ್ಲಿದೆ ಅಂದುಕೊಂಡ. ಊಟಕ್ಕೆ ಬಂದಾಗ ಕೊಟ್ರೇಶ ಕೀ ತೆಗೆದುಕೊಂಡ ಎಂದು ಅಮ್ಮ ಅಂದುಕೊಂಡರು.

ಮನೆಯ ಗೇಟಿನ ಮುಂದೆ ಅಮ್ಮ ಇಳಿದು ಯಾರೊಡನೆಯೂ ಮಾತಾಡದೆ ನೇರ ದೇವರ ಕೋಣೆಗೆ ಹೋದರು. ಕೊಟ್ರೇಶ ಗಾಡಿಯನ್ನು ಹಿಂದೆ ತೆಗೆದು ನಿಲ್ಲಿಸುವಾಗ ಅದು ಟೀಂ ಟೀಂ ಎಂದು ಕೂಗಿತು. ಹಿಂದೆ ಗೋಡೆ ಹತ್ತಿರವಾಗಿದೆ ಅಂತ ಕೂಗುತ್ತಿದೆ ಅಂದುಕೊಂಡ. ಆಫ್ ಮಾಡಿದೊಡನೆ ಎರಡೂ ಕಡೆಯ ಕನ್ನಡಿಗಳು ಮಡಚಿಕೊಂಡವು. ಇಳಿದು ಗುಂಡಿ ಒತ್ತಿದರೆ ಲಾಕ್ ಆಗಲಿಲ್ಲ.

"ಅಮ್ಮಾ, ಕೀ ಕೊಡಿ, ಲಾಕ್ ಆಗ್ತಾ ಇಲ್ಲ."

ಹೊರಗೆ ಬಂದ ಪುಟ್ಟಲಕ್ಷ್ಮಿಯ ಮಡಿಲು ಬರಿದಾಗಿತ್ತು. "ಕೀ ನಿನ್ ಹತ್ರಾನೇ ಇದ್ಯಲ್ಲಪ್ಪ?"

ಆಗ ಶುರುವಾಯಿತು. ಅಮ್ಮ ವ್ಯಾನಿಟಿ ಬ್ಯಾಗನ್ನು ಸೋಫಾದ ಮೇಲೆ ಸುರಿದರು. ಕನ್ನಡಕ, ಮಾತ್ರೆ, ಕುಂಕುಮದ ಪೊಟ್ಟಣ ಬಿದ್ದವು, ಕೀ ಬೀಳಲಿಲ್ಲ. ಕೊಟ್ರೇಶ ಸೀಟಿನ ಕೆಳಗೆ, ಮ್ಯಾಟಿನ ಕೆಳಗೆ ಕೈಯಾಡಿಸಿದ. ಕೆಂಗೇರಿಗೆ ಫೋನ್ ಹೋಯಿತು, ಅಲ್ಲೂ ಇಲ್ಲ. ಶ್ಯಾಮಸುಂದರರು ಮಂಡಿ ಒತ್ತಿಕೊಳ್ಳುತ್ತ ಮೆಟ್ಟಿಲ ಮೇಲೆ ಬಂದು ನಿಂತರು.

"ಕೆಂಗೇರಿಯಿಂದ ಇಲ್ಲೀವರೆಗೆ ಗಾಡಿ ಓಡಿಸಿದ್ದು ಯಾರು?"

"ನಾನೇ ಸಾರ್."

"ಕೀ ಇಲ್ದೆ ಗಾಡಿ ಓಡುತ್ತಾ?"

"ಓಡಲ್ಲ ಸಾರ್."

"ಮತ್ತೆ ಕೀ ಯಾರ ಹತ್ರ ಇರ್ಬೇಕು?"

ಕೊಟ್ರೇಶನ ಕೈ ತನಗೆ ತಾನೇ ಜೇಬು ತಡವಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಶ್ಯಾಮಸುಂದರರು ಅದನ್ನು ನೋಡಿದರು, ಅವರು ನೋಡಿದ್ದನ್ನು ಕೊಟ್ರೇಶನೂ ನೋಡಿದ. ಹೋದ ತಿಂಗಳಷ್ಟೇ ಅವರ ಸ್ನೇಹಿತರೊಬ್ಬರ ಕಾರು ಕಳುವಾಗಿತ್ತು, ಡ್ರೈವರೇ ಕೀ ಕೊಟ್ಟಿದ್ದನಂತೆ. ಆ ಕಥೆಯನ್ನು ಕೊಟ್ರೇಶನಿಗೂ ಅವರೇ ಎರಡು ಸಲ ಹೇಳಿದ್ದರು. ಆರು ವರ್ಷ ಈ ಮನೆಯ ಹಳೆಯ ಗಾಡಿಗೂ ಹೊಸದಕ್ಕೂ ಒಂದು ಗೀರು ಬೀಳದಂತೆ ನೋಡಿಕೊಂಡದ್ದು ಈ ಮೂರು ಪ್ರಶ್ನೆಗಳ ಮುಂದೆ ಯಾವ ಲೆಕ್ಕಕ್ಕೂ ಬರಲಿಲ್ಲ.

ಆದರೂ ಸಾರ್ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ಕೀ ಗಾಡಿಯ ಒಳಗೆ ಇತ್ತು, ಇಲ್ಲದಿದ್ದರೆ ಹೊರಡುತ್ತಲೇ ಇರಲಿಲ್ಲ. ಒಳಗಿದ್ದವರು ಇಬ್ಬರು. ತನ್ನ ಹತ್ತಿರ ಇರಲಿಲ್ಲ. ಈಗ ನೆನಪಾಯಿತು: ಗಾಡಿ ಕೂಗಿಕೊಂಡದ್ದು ಗೋಡೆ ಕಂಡು ಅಲ್ಲ. ಗೋಡೆ ಇನ್ನೂ ದೂರವಿತ್ತು. ಕೂಗಿದ್ದು ಅಮ್ಮ ಇಳಿದು ಹೋದ ಮೇಲೆ. ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮನೆಯೊಡತಿಯ ಕಡೆ ಬೆರಳು ತೋರಿಸಿದ ಡ್ರೈವರನ್ನು ಯಾವ ಬೀದಿ ಇಟ್ಟುಕೊಳ್ಳುತ್ತದೆ?

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ಗಾಡೀಲಿ ಕೂತ್ಕೊಳ್ಳಿ. ಕೀ ನಿಮ್ ಮೈಮೇಲೆ ಎಲ್ಲೋ ಸಿಕ್ಕಾಕೊಂಡಿದ್ರೆ ಗಾಡಿ ಹೊರಡುತ್ತೆ."

ಪುಟ್ಟಲಕ್ಷ್ಮಿಯ ಮುಖ ಕೆಂಪಾಯಿತು. ಆದರೂ ಕೂತರು. ಕೊಟ್ರೇಶ ಬ್ರೇಕ್ ತುಳಿದು ಬಟನ್ ಒತ್ತಿದ. ಕೀ ಇಲ್ಲ ಎಂದು ಪರದೆಯ ಮೇಲೆ ಬಂತು. ಇನ್ನೊಮ್ಮೆ ಒತ್ತಿದ. ಅದೇ ಬಂತು.

"ಸಾಕು," ಅಂದರು ಶ್ಯಾಮಸುಂದರ. ಅಲ್ಲೇ ನಿಂತು ಬೀದಿಯ ವಾಟ್ಸಾಪ್ ಗ್ರೂಪಿಗೆ ಬರೆದು ಹಾಕಿದರು: 'ಡ್ರೈವರ್ ಕೊಟ್ರೇಶ್ ನಮ್ಮ ಕಾರಿನ ಕೀ ಹಿಂದಿರುಗಿಸಿಲ್ಲ. ಎಲ್ಲರೂ ಎಚ್ಚರಿಕೆಯಿಂದಿರಿ.' ಐದು ನಿಮಿಷ ಆಗಿತ್ತೋ ಇಲ್ಲವೋ, ಕೊಟ್ರೇಶನ ಫೋನ್ ಬಡಿದುಕೊಂಡಿತು. ಮೂಲೆ ಮನೆಯ ಚೈತ್ರ ಮೇಡಂ. "ನಾಳೆ ಬರೋದು ಬೇಡ ಕೊಟ್ರೇಶ್, ಪ್ರೋಗ್ರಾಂ ಕ್ಯಾನ್ಸಲ್ ಆಯ್ತು." ಯಾಕೆ ಎಂದು ಅವನು ಕೇಳಲಿಲ್ಲ. ಅಳು ಬಂತು, ನುಂಗಿಕೊಂಡ. ಬೈಕಿನ ಕಡೆ ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಈಗ ಹೊರಟರೆ ಕಳ್ಳನಾಗಿಯೇ ಹೊರಟಂತೆ.

ಗಾಡಿ ಸುಳ್ಳು ಹೇಳುವುದಿಲ್ಲ. ಆಗ ಇತ್ತು ಅಂದಿತು, ಈಗ ಇಲ್ಲ ಅನ್ನುತ್ತಿದೆ. ಹಾಗಾದರೆ ಆಗ ಅಮ್ಮನ ಮೈಮೇಲೆ ಇದ್ದು ಈಗ ಇಲ್ಲದ್ದು ಏನು? ಬ್ಯಾಗನ್ನು ಸುರಿದಾಯಿತು. ಚಪ್ಪಲಿಯಲ್ಲಿ ಕೀ ಇರುವುದಿಲ್ಲ. ಅವನು ಪುಟ್ಟಲಕ್ಷ್ಮಿಯ ಕಡೆ ತಿರುಗಿದ. ಅವರ ಸೆರಗು ಗಂಟು ಕಟ್ಟಿದ ಕಡೆ ಇನ್ನೂ ಮುದುಡಿಕೊಂಡಿತ್ತು.

"ಅಮ್ಮಾ, ಮಡಿಲು ತುಂಬಿಸ್ಕೊಳ್ವಾಗ ಕೀ ಎಲ್ಲಿಟ್ಟಿದ್ರಿ?"

ಪುಟ್ಟಲಕ್ಷ್ಮಿ ಯೋಚಿಸಿದರು. "ಕೈಯಲ್ಲಿತ್ತು. ಸೆರಗು ಹಿಡಿಯೋಕೆ ಎರಡು ಕೈನೂ ಬೇಕಲ್ಲ. ಪಕ್ಕದಲ್ಲೇ..." ಅವರ ಮಾತು ನಿಂತಿತು. "ಅಕ್ಕಿ ತಟ್ಟೆ ಇತ್ತು."

"ಮಡಿಲಕ್ಕೀನ ಶೋಧ ಮಾಡಿಸ್ತೀಯೇನೋ?" ಶ್ಯಾಮಸುಂದರರ ದನಿ ಏರಿತು. "ತವರಿಂದ ಬಂದಿದ್ದು ಅದು!"

"ಬಿಚ್ಚೋದು ಬೇಡ ಸಾರ್. ನಾನು ಮುಟ್ಟೋದೂ ಇಲ್ಲ. ಅಮ್ಮ ಹಾಗೇ ಎತ್ಕೊಂಡು ಗಾಡಿ ಹತ್ರ ಬರ್ಲಿ, ಅಷ್ಟೇ ಸಾಕು."

ಪುಟ್ಟಲಕ್ಷ್ಮಿ ಗಂಡನ ಮುಖ ನೋಡಲಿಲ್ಲ. ಒಳಗೆ ಹೋದರು. ಅಕ್ಕಿಯನ್ನು ಸೆರಗಿನಿಂದ ಒಟ್ಟಿಗೇ ರವಿಕೆ ಕಣಕ್ಕೆ ಸುರಿದು ಕಟ್ಟಿ ದೇವರ ಮುಂದೆ ಇಟ್ಟಿದ್ದರು. ಆ ಗಂಟನ್ನು ಎದೆಗವಚಿಕೊಂಡು ಮೆಟ್ಟಿಲು ಇಳಿದರು. ಕೊಟ್ರೇಶ ಕೈಕಟ್ಟಿ ದೂರ ನಿಂತಿದ್ದ. ಅಮ್ಮ ಗಾಡಿಗೆ ಒಂದು ಮಾರು ಹತ್ತಿರ ಬಂದರು. ಯಾರೂ ಮುಟ್ಟದೆ ಕಾರಿನ ದೀಪಗಳು ಮಿನುಗಿದವು. ಮಡಚಿದ್ದ ಎರಡು ಕನ್ನಡಿಗಳೂ ಮೆಲ್ಲಗೆ ತೆರೆದುಕೊಂಡವು.

ಪುಟ್ಟಲಕ್ಷ್ಮಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದರು. ಬೆಲ್ಲದಚ್ಚಿನ ಪಕ್ಕ, ಅಕ್ಕಿಯೊಳಗೆ, ಅರಿಶಿನ ಮೆತ್ತಿಕೊಂಡ ಕಪ್ಪು ಕೀ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು. ಬೇರೆ ದಿನವಾಗಿದ್ದರೆ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

"ಸಿಕ್ತಲ್ಲ ಬಿಡು," ಅಂದರು ಶ್ಯಾಮಸುಂದರ. ಫೋನ್ ಒತ್ತಿದರು. "ಮೆಸೇಜ್ ಡಿಲೀಟ್ ಮಾಡ್ದೆ. ಮುಗೀತು."

"ಓದಿದೋರು ಓದಾಯ್ತು ಸಾರ್." ಕೊಟ್ರೇಶ ತಲೆ ತಗ್ಗಿಸಲಿಲ್ಲ. "ಕೀ ಮನೇಲೇ ಇತ್ತು ಅಂತ ಅದೇ ಗ್ರೂಪಲ್ಲಿ ಬರೀರಿ."

ಶ್ಯಾಮಸುಂದರರು ಹಿಂದೆಮುಂದೆ ನೋಡಿದರು. ಬರೆದರೆ ಹೆಂಡತಿಯ ಮರೆವು ಬೀದಿಗೆಲ್ಲ ಗೊತ್ತಾಗುತ್ತದೆ, ತಮ್ಮ ಆತುರವೂ ಗೊತ್ತಾಗುತ್ತದೆ. ಅವರು ಇನ್ನೂ ಕನ್ನಡಕ ಒರೆಸುತ್ತಿರುವಾಗಲೇ ಪುಟ್ಟಲಕ್ಷ್ಮಿ ಎದ್ದು ಫೋನನ್ನು ಅವರ ಕೈಯಿಂದ ತೆಗೆದುಕೊಂಡರು. ಬರೆಯುವುದು ಅವರಿಗೆ ಸರಾಗವಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದರು.

"ನಾನು ಪುಟ್ಟಲಕ್ಷ್ಮಿ. ಕಾರಿನ ಕೀ ನನ್ನ ಮಡಿಲಕ್ಕೀಲಿತ್ತು. ಇಟ್ಟೋಳೂ ನಾನೇ, ಮರೆತೋಳೂ ನಾನೇ. ಕೊಟ್ರೇಶನ್ನ ಕಳ್ಳ ಅಂದಿದ್ದು ನಮ್ಮ ತಪ್ಪು. ಅವನು ಸಿಕ್ಕಿದಾಗ ಎಲ್ರೂ ಮೊದಲಿನ ಹಾಗೇ ಮಾತಾಡ್ಸಿ."

ಕಳಿಸಿ, ಫೋನನ್ನು ಗಂಡನಿಗೆ ಕೊಟ್ಟರು. ಕೊಟ್ರೇಶನ ಕಣ್ಣು ಈಗ ಒದ್ದೆಯಾಯಿತು, ಅವನು ಒರೆಸಿಕೊಳ್ಳಲೂ ಇಲ್ಲ. ಗಾಡಿಯ ಮೇಲೆ ಅವನಿಗೆ ಕೋಪವಿರಲಿಲ್ಲ. ಅದಕ್ಕೆ ಮುಖ ಗೊತ್ತಿಲ್ಲ, ಕೀ ಯಾರ ಹತ್ತಿರ ಇದ್ದರೆ ಅವರೇ ಅದಕ್ಕೆ ಧಣಿ. ಆರು ವರ್ಷ ಮುಖ ನೋಡಿದ ಮನುಷ್ಯರೂ ಮುಖ ಮರೆತು ಕೀಯನ್ನಷ್ಟೇ ನೋಡಿದ್ದು ಅವನಿಗೆ ನೋವಾಗಿತ್ತು.

"ಬುಧವಾರ ಆಸ್ಪತ್ರೆಗೆ ಹೋಗೋದಿದೆ, ಇವರ ಮಂಡಿ ತೋರಿಸೋಕೆ," ಅಂದರು ಪುಟ್ಟಲಕ್ಷ್ಮಿ ಅಳುಕುತ್ತ. "ಬರ್ತೀಯೇನಪ್ಪ?"

ಕೊಟ್ರೇಶ ಶ್ಯಾಮಸುಂದರರ ಕಡೆ ತಿರುಗಿದ.

"ಬರ್ತೀನಿ ಸಾರ್. ಆದ್ರೆ ಇನ್ಮೇಲೆ ಏನೇ ಕಳೆದ್ರೂ ಮೊದಲು ನನ್ನ ಕೂರಿಸಿ ಕೇಳಿ. ಬೀದಿಗೆ ಆಮೇಲೆ ಹೇಳಿ."

ಶ್ಯಾಮಸುಂದರರು ಒರೆಸಿದ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆಯ್ತಪ್ಪ," ಅಂದರು, ಹೆಂಡತಿಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗೆ.