ಗಾಜಿಪುರದ ಶೀಟುಗಳು

"ಇದಕ್ಕ ನಮೂನೆ ಇಲ್ರೀ ಮೇಡಂ," ಎಂದು ಕಾಶಿರಾಯ ಅರ್ಜಿಯನ್ನು ಮೇಜಿನ ಆ ಬದಿಗೆ ಸರಿಸಿದ.

ಹೊಸ ಕಟ್ಟಡಕ್ಕೆ ನಮೂನೆಯಿತ್ತು, ಹಳೆಯದನ್ನು ಕೆಡವಲು ಇತ್ತು, ದುರಸ್ತಿಗೂ ಇತ್ತು. ಚಾವಣಿಯ ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯದಂತೆ, ನೀರು ಹೊಡೆದು ಇಳಿಸಿ, ಗುಂಡಿ ತೋಡಿ ಹುಗಿಯಲು ಪರವಾನಗಿ ಕೊಡಿ ಎಂದವರನ್ನು ಅವನು ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅಂಥ ಶೀಟು ಸಿಕ್ಕರೆ ಸಾಕು ಎಂದು ಅರ್ಧ ಕಲಬುರಗಿಯೇ ಹಾತೊರೆಯುತ್ತಿದ್ದ ಕಾಲ ಅದು.

ಅರ್ಜಿ ತಂದವರು ಇಕ್ಬಾಲ್ ಬೇಗಂ, ಗಾಜಿಪುರದ ಹಳೆಯ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ನಗರಸಭೆ ಕಚೇರಿಯ ಮೆಟ್ಟಿಲು ಹತ್ತಿದ್ದು ಇದು ನಾಲ್ಕನೆಯ ಸಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆದರೆ ಕಾಶಿರಾಯ ಅಂಥ ಪೂಜಾರಿಯಲ್ಲ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಅವನಿಗಿದ್ದದ್ದು ಕಾಗದದ ಭಯ ಮಾತ್ರ. ನಮೂನೆಯಲ್ಲಿ ಇಲ್ಲದ್ದನ್ನು ಬರೆದರೆ ನಾಳೆ ತನ್ನ ಕುತ್ತಿಗೆಗೇ ಬರುತ್ತದೆ ಎಂದು ಹೆದರುತ್ತಿದ್ದ.

"ನಮ್ಮ ಭಾಯಿಜಾನ್ ಇಂಥಾ ಶೀಟು ಮಾಡೋ ಕಾರ್ಖಾನ್ಯಾಗ ಹದಿನೆಂಟು ವರ್ಷ ಇದ್ರು," ಎಂದರು ಇಕ್ಬಾಲ್ ಬೇಗಂ. "ಅದರ ಧೂಳು ಎದ್ಯಾಗ ಹೋಗಿ ಕುಂತ್ರ ಹೊರಗ ಬರಂಗಿಲ್ರೀ. ಆಖರಿಗೆ ಅವರಿಗಿ ಒಂದು ಗುಟುಕು ನೀರು ಕುಡೀಲಿಕ್ಕೂ ಉಸಿರು ಸಾಲಲಿಲ್ಲ. ನನ್ನ ಶಾಲ್ಯಾಗ ಇನ್ನೂರು ಹುಡುಗ್ಯಾರು ಅದಾರ."

ಕಾಶಿರಾಯನ ಮನಸ್ಸು ಕರಗಿತು. ಮರುದಿನ ಹೋಗಿ ಶಾಲೆ ನೋಡಿದ. ಒಳಗಡೆ ತಿಳಿಹಸಿರು ಬಣ್ಣ ಬಳಿದ ಶೀಟುಗಳು, ಸೋರುವಲ್ಲೆಲ್ಲ ಡಾಂಬರಿನ ತೇಪೆ. ಬಿರುಕು ಬಿಟ್ಟ ಕಡೆ ಹತ್ತಿಯ ಎಳೆಯಂಥದ್ದು ಇಣುಕುತ್ತಿತ್ತು. ಅವನು ದುರಸ್ತಿಯ ನಮೂನೆಯನ್ನೇ ತೆಗೆದು, ಆಕೆ ಕೇಳಿದ ಷರತ್ತುಗಳನ್ನೆಲ್ಲ ಅದರ ಕೆಳಗೆ ಸೇರಿಸಿದ. ತೊಡಕಾದದ್ದು ಗುಂಡಿಯದು. ಶಾಲೆಗೆ ಅಂಗಳವೇ ಇರಲಿಲ್ಲ, ಸರಕಾರಿ ಜಾಗ ಕೇಳಿದರೆ ಕಡತ ಮೇಲೆ ಹೋಗಿ ಅಲ್ಲೇ ಮಲಗುತ್ತಿತ್ತು. ಎರಡು ದಿನ ಯೋಚಿಸಿ, ಹಾವೂ ಸಾಯದ ಕೋಲೂ ಮುರಿಯದ ಒಂದು ಸಾಲು ಬರೆದ: 'ಇಳಿಸಿದ ಶೀಟುಗಳನ್ನು ನಗರದ ಸರಹದ್ದಿನಿಂದ ಹೊರಗೆ ಸಾಗಿಸತಕ್ಕದ್ದು.' ಹೊರಗೆ ಎಂದರೆ ಎಲ್ಲಿ ಎಂದು ಇಕ್ಬಾಲ್ ಬೇಗಂ ಕೇಳಿದರು. ಅದನ್ನು ಗುತ್ತೇದಾರ ನೋಡಿಕೊಳ್ಳುತ್ತಾನೆ ಎಂದ.

ಗುತ್ತೇದಾರ ಮಾಣಿಕಪ್ಪ ಕೆಲಸದಲ್ಲಿ ಜಾಣ. ಶಾಲೆಗೆ ರಜೆ ಕೊಡಿಸಿ, ನೀರು ಹೊಡೆಸಿ, ಅರವತ್ತು ಶೀಟುಗಳಲ್ಲಿ ಒಂದೂ ಮುಕ್ಕಾಗದಂತೆ ಇಳಿಸಿ ಲಾರಿಗೆ ಹೇರಿಸಿದ. ಸಾಹೇಬರ ಊರು ಯಾವುದು, ಬಂಧುಬಳಗ ಎಲ್ಲಿದ್ದಾರೆ ಎಂದು ಮಾತಿನ ನಡುವೆ ವಿಚಾರಿಸಿದ. ತಂಗಿಯನ್ನು ಕಮಲಾಪುರಕ್ಕೆ ಕೊಟ್ಟಿದೆ, ಅವಳ ಮಗಳು ಈಗ ಅಲ್ಲಿ ಬಾಣಂತಿ ಎಂದು ಕಾಶಿರಾಯ ಹೇಳಿದ. ಅಪರೂಪಕ್ಕೊಂದು ಒಳ್ಳೆಯ ಕೆಲಸ ತನ್ನ ಕೈಯಿಂದ ಆಯಿತೆಂಬ ಸಂತೋಷದಲ್ಲಿ ಅವನಿದ್ದ.

ಮೂರು ವಾರ ಕಳೆದ ಮೇಲೆ, ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಅವನು ಕೂಸಿನ ತಲೆಗೆ ಕುಂಚಿಗೆ, ಬಾಣಂತಿಗೆ ಹೊಸ ಸೀರೆ ಹಿಡಿದುಕೊಂಡು ಕಮಲಾಪುರದಲ್ಲಿ ಬಸ್ಸಿಳಿದ. ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಗುರುತು ಹಿಡಿದು, ತವರಿನವರು ಅಂದರೆ ಹೀಗಿರಬೇಕು ಎಂದಳು. ಯಾಕೆ ಹಾಗೆಂದಳೋ ಅವನಿಗೆ ತಿಳಿಯಲಿಲ್ಲ.

ತಂಗಿ ರೇವಮ್ಮ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ಬಾಣಂತಿ ಖೋಲಿ ಸೋರ್ತದಂತ ನಾ ಬಾಯಿ ಬಿಟ್ಟು ಹೇಳಿದ್ದಿಲ್ಲಣ್ಣ. ನೀನೇ ತಿಳ್ಕೊಂಡು ಲಾರಿ ಕಳಿಸಿದಿ."

ಹಳೆಯ ಮಣ್ಣಿನ ಮಾಳಿಗೆಯನ್ನು ತೆಗೆಸಿ ಹನ್ನೆರಡು ಶೀಟು ಹೊದಿಸಿದ್ದರು. ಒಳಗೆ ಹೋಗಿ ಕಾಶಿರಾಯ ತಲೆ ಎತ್ತಿದ. ತಿಳಿಹಸಿರು ಬಣ್ಣ, ಡಾಂಬರಿನ ತೇಪೆ. ಕೆಳಗೆ ಸೋದರಸೊಸೆ ಮಲಗಿದ್ದಳು, ಪಕ್ಕದಲ್ಲಿ ಕೂಸು. ಅಳತೆಗೆ ಕೊಯ್ದಾಗ ಬಿದ್ದ ಬಿಳಿ ಪುಡಿಯನ್ನೂ ರೇವಮ್ಮ ಚೆಲ್ಲಿರಲಿಲ್ಲ. ಸಿಮೆಂಟಿನ ಪುಡಿ ಅಲ್ಲವೇ, ಸೆಗಣಿಯಲ್ಲಿ ಕಲೆಸಿ ನೆಲ ಸಾರಿಸಿದ್ದಳು. ನೆಲ ಎಷ್ಟು ಗಟ್ಟಿ ಕೂತಿದೆ ನೋಡು ಎಂದು ಹಿಮ್ಮಡಿಯಿಂದ ತಿಕ್ಕಿ ತೋರಿಸಿದಳು. ಉಳಿದ ನಲವತ್ತೆಂಟು ಯಾರ ಮನೆ ಸೇರಿದವೋ, ಅದನ್ನು ಯೋಚಿಸಲು ಕಾಶಿರಾಯನಿಗೆ ಧೈರ್ಯ ಬರಲಿಲ್ಲ.

ಬಾಣಂತಿಯನ್ನೂ ಮಗುವನ್ನೂ ಮೊದಲು ಪಡಸಾಲೆಗೆ ಕರೆತರಿಸಿದ. ಈ ಶೀಟು ಇವತ್ತೇ ಇಳಿಯಬೇಕು ಎಂದ. ತವರು ಕೊಟ್ಟದ್ದನ್ನು ತವರಿನವನೇ ಕಿತ್ತರೆ ಓಣಿಯಲ್ಲಿ ಹೇಗೆ ತಲೆ ಎತ್ತಲಿ ಎಂದು ರೇವಮ್ಮ ಅಳತೊಡಗಿದಳು. ಓಣಿಯ ಹೆಂಗಸರೆಲ್ಲ ಅಕ್ಕಿ, ಕೊಬ್ಬರಿ ಹಿಡಿದುಕೊಂಡು ಬಂದು ಕೂತಿದ್ದರು. ಅವರೆದುರೇ ಹೇಳಬೇಕಾಯಿತು.

"ನಾ ಕಳಿಸಿದ್ದಲ್ಲವ್ವ. ನಾ ನಿನಗ ಏನೂ ಕಳಿಸಿಲ್ಲ. ಸಣ್ಣ ಹುಡುಗ್ಯಾರ ತಲಿ ಮ್ಯಾಲ ಇದು ಇರಬಾರದಂತ ನಾನೇ ಬರದು ಊರ ಹೊರಗ ಹಾಕ್ಸೀನಿ."

ರೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಣ್ಣನನ್ನು ನೋಡಿದಳು.

"ಊರ ಹೊರಗ ಅಂದ್ರ ನಾವಣ್ಣ?"

ಕಾಶಿರಾಯ ಅಂಗಿ ಕಳಚಿ, ಮೂಗಿಗೆ ಒದ್ದೆ ಟವೆಲು ಕಟ್ಟಿ ಏಣಿ ಹತ್ತಿದ. ಪಕ್ಕದ ಮನೆಯ ಅಮೋಘಪ್ಪ ಕೇಳದೆಯೇ ಕೆಳಗೆ ನಿಂತು ಕೈಕೊಟ್ಟ. ಒಂದೊಂದೇ ಕೊಂಡಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿದು, ಮಧ್ಯಾಹ್ನದ ಹೊತ್ತಿಗೆ ಹನ್ನೆರಡನ್ನೂ ಇಳಿಸಿ ಅಂಗಳದಲ್ಲಿ ಒಟ್ಟಿದರು. ಖೋಲಿಯ ನೆಲಕ್ಕೂ ನೀರು ಹೊಯ್ದು, ಯಾರೂ ಕಸಬರಿಗೆ ಮುಟ್ಟಕೂಡದೆಂದು ಕಾಶಿರಾಯ ಬಾಗಿಲು ಹಾಕಿದ. ಬರಿ ಗೋಡೆಗಳ ನಡುವೆ ಬಿಸಿಲು ನೇರ ಇಳಿಯುತ್ತಿತ್ತು. ಹೆಂಗಸರು ತೊಟ್ಟಿಲನ್ನು ಪಡಸಾಲೆಯಲ್ಲೇ ಕಟ್ಟಿ, ಹೇಗೋ ಹಾಡು ಮುಗಿಸಿ ಎದ್ದರು.

ಅಮೋಘಪ್ಪ ಮುಖ ತೊಳೆದುಕೊಂಡು ಬಂದು ಶೀಟಿನ ಅಂಚನ್ನು ಬೆರಳಿನಿಂದ ತಟ್ಟಿ ನೋಡಿದ.

"ಸಾಹೇಬ್ರ, ಹ್ಯಾಂಗೂ ನಿಮಗ ಬ್ಯಾಡಾಗ್ಯಾವ. ನನ್ನ ಮಗನ ಅಡಗಿಮನಿಗಿ ಹಾಕ್ತೀನ್ರಿ. ಬಂಡಿ ತರ್ತೀನಿ."

ಕಾಶಿರಾಯ ಮೊದಲಿನಿಂದ ಎಲ್ಲವನ್ನೂ ಹೇಳಿದ. ಧೂಳು, ಎದೆ, ಉಸಿರು, ಹದಿನೆಂಟು ವರ್ಷ. ಬೆಳಗಿನಿಂದ ತನ್ನ ಜೊತೆ ದುಡಿದವನಲ್ಲವೇ ಎಂದು ಬಿಡಿಸಿ ಬಿಡಿಸಿ ಹೇಳಿದ. ಅಮೋಘಪ್ಪ ಹೌದ್ರಿ, ಖರೇ ಅದ ನೋಡ್ರಿ ಎಂದು ಗೌರವದಿಂದ ಪೂರ್ತಿ ಕೇಳಿಸಿಕೊಂಡು, ಎತ್ತು ಹೂಡಲು ಹೋದ.

ರೇವಮ್ಮ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಳು. ಕಾಶಿರಾಯ ಒದ್ದೆ ಶೀಟುಗಳ ಮೇಲೆ ಕೂತೇ ಇದ್ದ.